ಹಾಲೇಶನ ಕಾರವಾನಿಗೆ ಟೈರು

ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಹಾಲೇಶ್ ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಒಂದು ಕಾರವಾನ್ ಕಟ್ಟಿದ್ದ. ಜೀಪಿನ ಹಿಂದೆ ಜೋಡಿಸಿ ಎಳೆದೊಯ್ಯುವ, ಎರಡು ಚಕ್ರದ ಪುಟ್ಟ ಮನೆ. ಒಳಗೆ ಮಂಚ, ಒಲೆ, ಕಿಟಕಿಗೆ ಹೂವಿನ ಪರದೆ. ಹೆಂಡತಿ ಸ್ಫೂರ್ತಿ ಹತ್ತಿರದ ಮೆಟ್ರಿ ಹಳ್ಳಿಯ ಶಾಲೆಯಲ್ಲಿ ಟೀಚರ್. ಮಳೆಗಾಲದಲ್ಲಿ ಸಂಡೂರಿನ ಗುಡ್ಡಗಳ ನಡುವೆ ಒಂದು ಬೆಳಗು ಏಳಬೇಕೆಂಬುದು ಅವಳ ಬಹುದಿನದ ಆಸೆ.

ಆಗಸ್ಟಿನಲ್ಲಿ ಮೂರು ದಿನ ರಜೆ ಸಿಕ್ಕಿತು. ಇಬ್ಬರೂ ಹೊರಟರು. ಹೊಸಪೇಟೆ ಮುಟ್ಟುವಷ್ಟರಲ್ಲಿ ಹಾಲೇಶ್ ಸ್ಟೀರಿಂಗ್ ಬಿಗಿಹಿಡಿದೇ ಸುಸ್ತಾಗಿದ್ದ. ವೇಗ ನಲವತ್ತು ದಾಟಿದರೆ ಸಾಕು, ಹಿಂದಿನ ಮನೆ ಎಡಕ್ಕೂ ಬಲಕ್ಕೂ ತೂರಾಡುತ್ತಿತ್ತು. ಡ್ಯಾಂ ರಸ್ತೆಯಲ್ಲಿ ಟೈರ್ ಅಂಗಡಿ ಕಂಡೊಡನೆ ನಿಲ್ಲಿಸಿದ.

ಅಂಗಡಿಯ ಒಡತಿ ಗಾಯತ್ರಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಹೊರಬಂದಳು. ಕಾರವಾನಿನ ಅಂದ ನೋಡಿ ಮೊದಲು ನಕ್ಕಳು, ಆಮೇಲೆ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಈ ಟೈರ್ ಎಲ್ಲಿಂದ ತಂದ್ರಿ ಅಣ್ಣಾ?"

"ಕಾರಿನವು ಅಕ್ಕಾ. ನಾನೇ ಹುಡುಕಿ ಆರಿಸಿ ತಂದೀನಿ. ರಸ್ತೆಗೆ ತಾಗೋ ಬಟನ್ ಒಂಚೂರೂ ಸವೆದಿಲ್ಲ ನೋಡ್ರಿ."

"ಸವೆದಿಲ್ಲ, ಖರೆ. ಆದ್ರ ಒಂಬತ್ತು ವರ್ಷದವು." ಟೈರಿನ ಬದಿಯಲ್ಲಿ ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟು, ಪಕ್ಕದ ಕೂದಲೆಳೆಯಂಥ ಬಿರುಕುಗಳನ್ನೂ ತೋರಿಸಿದಳು. "ಗಾಡಿ ತೂಕ ಎಷ್ಟೈತಿ?"

"ಖಾಲಿ ಗಾಡಿ ಏಳ್ನೂರು ಕೆಜಿ ಇರಬೇಕು."

"ಇರಬೇಕು ಅಂದ್ರ ಹೆಂಗ್ರಿ? ಸಾಮಾನು ಸಮೇತ ತೂಗಿಸೋಣ, ನಾನೂ ಬರ್ತೀನಿ ನಡೀರಿ."

ಹತ್ತಿರದಲ್ಲೇ ಲಾರಿ ತೂಗುವ ವೇಬ್ರಿಜ್ ಇತ್ತು. ಜೀಪನ್ನು ಬಿಚ್ಚಿ ಕಾರವಾನನ್ನಷ್ಟೇ ನಿಲ್ಲಿಸಿದರು. ಸಾವಿರದ ನೂರ ಎಂಬತ್ತು ಕಿಲೋ! ಹಾಲೇಶ್ ಹೆಂಡತಿಯ ಮುಖ ನೋಡಿದ.

"ನನ್ಯಾಕ ನೋಡ್ತೀರಿ?" ಎಂದಳು ಸ್ಫೂರ್ತಿ. ಆಮೇಲೆ ಕಾರವಾನಿನ ಬಾಗಿಲು ತೆರೆದು ತೋರಿಸಿ, "ಮಂಚದ ಕೆಳಗ ಅತ್ತೆಯವ್ರ ಒರಳುಕಲ್ಲು ಐತಿ. ಗುಡ್ಡದಾಗ ಚಟ್ನಿ ರುಬ್ಬಬೇಕು ಅಂತ…"

ಮೂವರೂ ಹೊಟ್ಟೆ ಹಿಡಿದು ನಕ್ಕರು. ಒರಳುಕಲ್ಲು ಗಾಯತ್ರಿಯ ಅಂಗಡಿಯಲ್ಲೇ ಉಳಿಯಿತು.

ನಕ್ಕಿದ್ದು ಮುಗಿದ ಮೇಲೆ ಹಾಲೇಶ್ ಸಪ್ಪಗಾದ. ಗಿರಣಿಯ ಯಂತ್ರಗಳನ್ನು ಸದ್ದಿನಿಂದಲೇ ಅಳೆಯುವವನು ತಾನು. ಹೆಂಡತಿಯನ್ನು ಕೂರಿಸಿಕೊಂಡು ಇಂಥ ಟೈರಿನ ಮೇಲೆ ಬಂದೆನಲ್ಲ ಎಂದು ನಾಚಿಕೆಯಾಯಿತು.

ಗಾಯತ್ರಿ ಸಮಾಧಾನದಿಂದ ವಿವರಿಸಿದಳು. "ಈ ಟೈರ್ ಒಂದೊಂದು ನಾನೂರ ಎಪ್ಪತ್ತೈದು ಕಿಲೋ ಹೊರ್ತಾವ. ನಿಮ್ದು ಆರ್‌ನೂರರ ಹತ್ರ ಬೀಳ್ತೈತಿ. ಮ್ಯಾಲ ಗಾಳಿ ಮೂವತ್ತೇ ಪಾಯಿಂಟ್. ನೀರಿನ ಡ್ರಮ್ ಬ್ಯಾರೆ ಹಿಂದ್ಗಡೆ ಇಟ್ಟೀರಿ. ತೂರಾಡದ ಏನ್ ಮಾಡ್ತೈತಿ?"

ಸಣ್ಣ ಗೂಡ್ಸ್ ಗಾಡಿಗೆ ಹಾಕುವ, ಬದಿ ಗಟ್ಟಿಯಿರುವ ಹೊಸ ಟೈರುಗಳನ್ನು ಅವಳು ಆರಿಸಿದಳು. ಒಂದೊಂದೂ ಏಳ್ನೂರ ಮೂವತ್ತು ಕಿಲೋ ಹೊರುವಂಥವು. ಅದಕ್ಕೆ ತಕ್ಕ ರಿಮ್ಮು, ಅಂಥದ್ದೇ ಒಂದು ಸ್ಟೆಪ್ನಿ. ಟೈರ್ ಕಂಪನಿಯ ಪಟ್ಟಿಯಲ್ಲಿ ತೂಕ ನೋಡಿ ಐವತ್ತೈದು ಪಾಯಿಂಟ್ ಗಾಳಿ ತುಂಬಿಸಿದಳು. ಡ್ರಮ್ಮನ್ನು ಚಕ್ರದ ಮೇಲಕ್ಕೆ ಬರುವಂತೆ ಸರಿಸಿ ಕಟ್ಟಿಸಿದಳು.

"ಗಾಳಿ ನೋಡೋದು ಮುಂಜಾನೆ, ಟೈರ್ ತಣ್ಣಗಿದ್ದಾಗ. ಓಡಿ ಬಿಸಿಯಾದ್ರ ಜಾಸ್ತಿ ತೋರಸ್ತೈತಿ. ಹೆದರಿ ಗಾಳಿ ಬಿಡಬ್ಯಾಡ್ರಿ."

ಹೆದ್ದಾರಿಗೆ ಬಂದಾಗ ಹಾಲೇಶ್ ಕನ್ನಡಿಯಲ್ಲಿ ನೋಡಿದ. ಕಾರವಾನ್ ಹಿಂದೆಯೇ ನೆಟ್ಟಗೆ ಬರುತ್ತಿತ್ತು. ಐವತ್ತಕ್ಕೂ ಅಲುಗಾಟವಿಲ್ಲ. ಸ್ಫೂರ್ತಿ ಕಿಟಕಿಯಿಳಿಸಿ ಜೋರಾಗಿ ಹಾಡತೊಡಗಿದಳು.

ಘಾಟಿ ಹತ್ತುವ ಮುನ್ನ ಚಹಾಕ್ಕೆ ನಿಂತರು. ಹಾಲೇಶ್ ಜೀಪಿನಲ್ಲಿದ್ದ ಗಾಳಿ ಅಳೆಯುವ ಗೇಜ್ ಹಿಡಿದು ನೋಡಿದರೆ ಅರವತ್ತೊಂದು! ಗಾಬರಿಯಾಗಿ ಗಾಳಿ ಬಿಡಲು ಹೋದ. ಸ್ಫೂರ್ತಿ ಓಡಿಬಂದು ಕೈ ಹಿಡಿದಳು.

"ಏನ್ ಹೇಳಿದ್ರು ಅವ್ರು? ಬಿಸಿಯಾದಾಗ ಮುಟ್ಟಬ್ಯಾಡ್ರಿ ಅಂದಿಲ್ಲೇನು?"

"ಮರ್ತಿದ್ದೆ ನೋಡು, ಟೀಚರಮ್ಮ," ಎಂದು ಅವನು ಗೇಜನ್ನು ಅವಳ ಕೈಗೇ ಕೊಟ್ಟ.

ಅಂದು ಸಂಜೆ ಗುಡ್ಡದ ಮಗ್ಗುಲಲ್ಲಿ, ಪರಿಚಯದವರ ಹೊಲದಂಚಿಗೆ ಬೀಡುಬಿಟ್ಟರು. ಬೆಳಿಗ್ಗೆ ಪರದೆ ಸರಿಸಿದಾಗ ಎದುರಿನ ಗುಡ್ಡ ಕಾಣಲೇ ಇಲ್ಲ. ಎಲ್ಲ ಬೆಳ್ಳಗಿನ ಮಂಜು. ನಿಧಾನಕ್ಕೆ ಅದು ಎದ್ದು ಹೋಗುತ್ತಲೇ ಹಸಿರು ಒಂದೊಂದೇ ಮಡಿಕೆಯಾಗಿ ಬಿಚ್ಚಿಕೊಂಡಿತು. ಎಲ್ಲೋ ನವಿಲು ಕೂಗಿತು. ಸ್ಫೂರ್ತಿ ಬಾಗಿಲಲ್ಲಿ ಕಾಲು ಇಳಿಬಿಟ್ಟು ನೋಡುತ್ತ ಕೂತಿದ್ದಳು.

"ನಾಳೆನೂ ಇಲ್ಲೇ ಇರೋಣ್ರಿ," ಎಂದಳು ಕೊನೆಗೆ.

ಹಾಲೇಶ್ ಒಲೆಯ ಮೇಲೆ ಇನ್ನೊಂದು ಸಲ ಚಹಾಕ್ಕೆ ನೀರಿಟ್ಟ.