ಪೊರೆ ದಾಟಿದ್ದೆಷ್ಟು

ತಮ್ಮನ ರಿಪೋರ್ಟು ನೋಡಿದಾಗ ಅಕ್ಕನಿಗೆ ಸಿಟ್ಟು ಬಂದದ್ದು ಅದನ್ನು ಉಗುಳಿದ ಯಂತ್ರದ ಮೇಲೆ. ಹಾರ್ಮೋನ್ ಲ್ಯಾಬಿನಲ್ಲೇ ತಲೆ ನರೆಸಿಕೊಂಡವಳು ಅವಳು. ಗಂಡಸರ ರಕ್ತದಲ್ಲಿ ಟೆಸ್ಟೋಸ್ಟೆರಾನಿನ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡೇ ಓಡಾಡುತ್ತದೆ. ಬಿಡಿಯಾಗಿ ತಿರುಗುವುದು ಚೂರೇ ಚೂರು. ಆ ಚೂರು ಕಡಿಮೆಯಿದೆ ಎಂದು ಯಂತ್ರಕ್ಕೆ ಹಾಕಿದ ಹೊಸ ಪರೀಕ್ಷಾ ಕಿಟ್ಟು ಚಹಾ ಆರುವುದರೊಳಗೆ ತೀರ್ಪು ಕೊಟ್ಟಿತ್ತು.

"ಸೋಮವಾರದಿಂದ ಇಂಜೆಕ್ಷನ್ ಅಂತೆ ಅಕ್ಕಾ," ಎಂದ ತಮ್ಮ, ಸ್ಟೂಲು ನರಳುವಂತೆ ಕೂತು. "ಸುಸ್ತೆಲ್ಲ ಹೋಗತ್ತಂತೆ."

"ಮಗು ಬೇಕು ಅಂತಿದ್ದೀರಲ್ಲ ಇಬ್ರೂ? ಆ ಇಂಜೆಕ್ಷನ್ ತಗೊಂಡ್ರೆ ವೀರ್ಯಾಣು ಹುಟ್ಟೋದೇ ನಿಂತುಹೋಗಬಹುದು. ಡಾಕ್ಟ್ರಿಗೆ ಹೇಳಿದ್ಯಾ?"

"ಅವರು ಕೇಳ್ಲಿಲ್ಲ. ನಾನೂ ಹೇಳ್ಲಿಲ್ಲ."

"ಒಳ್ಳೇ ಜೋಡಿ."

ದಪ್ಪಗಿರುವವರಲ್ಲಿ ಆ ಅಂಟು ಪ್ರೋಟೀನು ಸಾಮಾನ್ಯವಾಗಿ ಕಡಿಮೆ; ಆಗ ಒಟ್ಟು ಹಾರ್ಮೋನೂ ಇಳಿದಂತೆ ಕಾಣುತ್ತದೆ. ಕಿಟ್ಟು ಬಿಡಿಯದನ್ನು ಅಳೆಯುವ ನೆಪದಲ್ಲಿ ಒಟ್ಟಿನ ಕಡೆಗೇ ಕಣ್ಣು ಹಾಯಿಸುತ್ತದೆ, ಪರೀಕ್ಷೆಯಲ್ಲಿ ಪಕ್ಕದವನ ಉತ್ತರ ಇಣುಕಿ ನೋಡುವವನ ಹಾಗೆ. ತಮ್ಮನ ಹೊಟ್ಟೆಯ ವಿಷಯದಲ್ಲಂತೂ ಅನುಮಾನಕ್ಕೆ ಎಡೆಯಿರಲಿಲ್ಲ. ಅಕ್ಕ ಒಟ್ಟು ಹಾರ್ಮೋನು, ಅಂಟು ಪ್ರೋಟೀನು ಎರಡನ್ನೂ ಸೂತ್ರಕ್ಕೆ ಹಾಕಿ ಬಿಡಿಯದರ ಲೆಕ್ಕ ಮಾಡಿದಳು. ಉತ್ತರ ಅತ್ತಲೂ ಇಲ್ಲದೆ ಇತ್ತಲೂ ಇಲ್ಲದೆ ಗೆರೆಯ ಮೇಲೆಯೇ ನಿಂತಿತು.

ಇನ್ನು ಉಳಿದ ದಾರಿ ಲ್ಯಾಬಿನ ಹಿಂದಿನ ಕೋಣೆಯ ಬೀರು. ಡಯಾಲಿಸಿಸ್ ಮಾಡುವ ಪುಟ್ಟ ಡಬ್ಬಿಗಳು ಅಲ್ಲಿ ಧೂಳು ತಿನ್ನುತ್ತಿದ್ದವು. ಡಬ್ಬಿಯ ನಡುವೆ ತೆಳು ಪೊರೆ. ಒಂದು ಬದಿ ರಕ್ತದ ಸೀರಂ, ಇನ್ನೊಂದು ಬದಿ ಉಪ್ಪುನೀರು. ಪ್ರೋಟೀನಿನ ಕೈ ಹಿಡಿದದ್ದು ದಾಟಲಾರದು, ಕೈ ಬಿಡಿಸಿಕೊಂಡದ್ದಷ್ಟೇ ದಾಟುತ್ತದೆ.

ಪೊರೆಯನ್ನು ನೆನೆಸುವಾಗ ಅವಳ ಬೆರಳುಗಳಿಗೆ ತಾವಾಗಿಯೇ ಎಲ್ಲ ನೆನಪಾಯಿತು. ಅವಳು ಕೆಲಸಕ್ಕೆ ಸೇರಿದ ಕಾಲದಲ್ಲಿ ಈ ಕೋಣೆ, ಲ್ಯಾಬಿನ ಹುಡುಗಿಯರು ಪೊರೆ ಸಾರ್ ಎಂದು ಕರೆಯುತ್ತಿದ್ದ ಹಿರಿಯರದು. ಅವರು ಪೊರೆಯನ್ನು ಎರಡು ಚಿಮಟದಲ್ಲಿ ಎತ್ತಿ, ಬೆಳಕಿಗೆ ಹಿಡಿದು, ತೂತೇನಾದರೂ ಇದೆಯೇ ಎಂದು ಹೆಣ್ಣು ನೋಡಲು ಬಂದವರಂತೆ ಪರೀಕ್ಷಿಸುತ್ತಿದ್ದರು. ಆಸ್ಪತ್ರೆಯಿಂದ ಫೋನು ಬಂದರೆ, "ಇನ್ನೂ ಬೇಯ್ತಿದೆ ಅಂತ ಹೇಳಮ್ಮ," ಎನ್ನುವರು. ಡಬ್ಬಿಗಳು ರಾತ್ರಿಯಿಡೀ ಕೂರುವ ಬೆಚ್ಚಗಿನ ಪೆಟ್ಟಿಗೆಯ ಬಾಗಿಲನ್ನು ನಡುವೆ ತೆರೆದವರಿಗೆ ಆ ದಿನ ಮಾತಿಲ್ಲ. ಹುಡುಗಿಯರೆಲ್ಲ ಕೋಟಿನ ತೋಳಿನೊಳಗೆ ಮುಖ ಹುದುಗಿಸಿ ನಗುತ್ತಿದ್ದರು; ಸಾರಿಗೂ ಅದು ಗೊತ್ತಿತ್ತು, ಆದರೂ ಗೊತ್ತಿಲ್ಲದವರ ಹಾಗೆ ಕೆಮ್ಮುವರು. ಅಷ್ಟು ನಿಧಾನವಾಗಿ ಯಾರಾದರೂ ಕೆಲಸ ಮಾಡಿದ್ದನ್ನು ಅವಳು ಮತ್ತೆ ಕಂಡಿಲ್ಲ.

ತಮ್ಮನ ಸೀರಮ್ಮಿನ ಜೊತೆಗೆ, ಎಲ್ಲ ಸರಿಯಿದೆಯೆಂದು ಮೊದಲೇ ಗೊತ್ತಿದ್ದ ಇಬ್ಬರದನ್ನೂ ಇಟ್ಟು ಬಾಗಿಲು ಮುಚ್ಚಿದಳು.

ಮಾರನೆಯ ಮಧ್ಯಾಹ್ನ ಪೊರೆ ದಾಟಿದ್ದನ್ನು ಅಳೆದು ನೋಡಿದರೆ, ಮೂವರ ಅಂಕಿಯೂ ಅಕ್ಕಪಕ್ಕದಲ್ಲೇ ಇತ್ತು.

"ಹಾಗಾದ್ರೆ ನಾನು ಸರಿ ಇದೀನಾ?" ತಮ್ಮ ಹೆಂಡತಿಯನ್ನೂ ಕರೆತಂದಿದ್ದ.

"ಹಾರ್ಮೋನು ಸರಿಯಿದೆ. ನಿನ್ನ ವಿಷಯ ನಾನು ಹೇಳಲ್ಲ."

"ಮತ್ತೆ ಈ ಸುಸ್ತು?"

ಹೆಂಡತಿ ಬಾಯಿಬಿಟ್ಟಳು. "ಗೊರಕೆ ಹೊಡೀತಾ ಹೊಡೀತಾ ಉಸಿರೇ ನಿಂತುಬಿಡತ್ತೆ ಅಕ್ಕಾ ಇವರದ್ದು. ನಾನು ತಟ್ಟಿ ಎಬ್ಬಿಸ್ಬೇಕು. ಹೇಳಿದ್ರೆ, ಗೊರಕೆ ನಮ್ಮ ವಂಶದ ಆಸ್ತಿ ಅಂತಾರೆ."

"ನಮ್ಮಪ್ಪನ ಆಸ್ತೀಲಿ ಹಂಚಿಕೆಯಾಗದೆ ಉಳಿದಿದ್ದು ಅದೊಂದೇ," ಎಂದಳು ಅಕ್ಕ. "ಸುಸ್ತು ಅದರಿಂದ್ಲೇ ಇರಬಹುದು. ಅದನ್ನೂ ಡಾಕ್ಟ್ರಿಗೆ ಹೇಳು."

ತಮ್ಮ ಡಾಕ್ಟರಿಗೆ ಫೋನು ಹಚ್ಚಿ ಗೋಡೆಗೆ ಮುಖ ಮಾಡಿ ನಿಂತ. "ಸೋಮವಾರದ ಇಂಜೆಕ್ಷನ್ ಬೇಡ ಸಾರ್," ಎಂದ. ಆಮೇಲೆ, ಇಡೀ ಲ್ಯಾಬಿಗೆ ಕೇಳುವಂತೆ, "ನಮಗೆ ಮಗು ಬೇಕು."

ಹೆಂಡತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.