ಲೊಬಾಟೊ ಮನೆತನದ ಮೂಗು

ದೌರೋ ನದಿಯ ದಂಡೆಯಲ್ಲಿ ವೈನ್ ಮಾಡುವ ಲೊಬಾಟೊ ಮನೆತನದಲ್ಲಿ ಒಂದೊಂದು ತಲೆಮಾರಿಗೆ ಒಬ್ಬರೇ ಮೂಗು. ಯಾವ ಪೀಪಾಯಿಯ ವೈನನ್ನು ಯಾವುದರೊಡನೆ ಬೆರೆಸಬೇಕು ಎಂದು ಮೂಸಿ ಹೇಳುವ ಹಕ್ಕು ಅವರದು. ತಂದೆ ಅದನ್ನು ಮಗ ವಾಲ್ದೆಮಾರನಿಗೆ ಕೊಡದೆ ಮಗಳು ಅದೊಸಿಂದಾಳಿಗೆ ಕೊಟ್ಟಿದ್ದರು. ಅಂದಿನಿಂದ ತಮ್ಮ ಅವಳೊಡನೆ ಕೆಲಸದ ಮಾತನ್ನಷ್ಟೇ ಆಡುತ್ತಿದ್ದ. ಅವಳು ಮದುವೆಯಾಗಲಿಲ್ಲ. ಅವಳ ಪಾಲಿಗೆ ನೆಲಮಾಳಿಗೆಯೇ ಸಂಸಾರವಾಯಿತು.

ಆ ಚಳಿಗಾಲದಲ್ಲಿ ಅವಳಿಗೆ ಜ್ವರ ಬಂತು. ಜ್ವರ ಬಿಟ್ಟ ಬೆಳಿಗ್ಗೆ ಕಾಫಿ ಕುಡಿದರೆ ಬರೀ ಬಿಸಿ, ಬರೀ ಕಹಿ. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ಏನೂ ಇಲ್ಲ. ಯಾರಿಗೂ ಹೇಳಲಿಲ್ಲ.

ವಸಂತದಲ್ಲಿ ವೈನ್ ಬೆರೆಸುವ ಕೆಲಸ ಶುರುವಾಯಿತು. ಬಣ್ಣ ನೋಡಿ, ನಾಲಿಗೆಗೆ ತಾಗುವ ಹುಳಿ ಒಗರು ನೋಡಿ, ಹಳೆಯ ನೆನಪಿನ ಬಲದಿಂದ ಅವಳು ಹೇಗೋ ಹೇಳುತ್ತ ಹೋದಳು. ಒಂದು ಮಧ್ಯಾಹ್ನ ವಾಲ್ದೆಮಾರ್ ಲೋಟವೊಂದನ್ನು ತಂದು ಅವಳ ಮುಂದಿಟ್ಟ.

"ಇದು ಹೇಗಿದೆ ಹೇಳಕ್ಕ."

ಅವಳು ಲೋಟವನ್ನು ಬೆಳಕಿಗೆ ಹಿಡಿದು, ಮೂಸಿದಳು. "ಮೇಲಿನ ತೋಟದ್ದು. ಚೆನ್ನಾಗಿ ಮಾಗಿದೆ."

"ಬೂಷ್ಟು ಹಿಡಿದ ಪೀಪಾಯಿಯದು. ವಾಸನೆಗೆ ಆಳುಗಳು ಆ ಕಡೆ ಸುಳಿಯೋದೂ ಇಲ್ಲ."

ಅವಳು ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು.

"ಯಾವಾಗಿಂದ?"

"ಜ್ವರ ಬಂದಾಗಿಂದ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಇದಕ್ಕೇ ಕಾಯ್ತಿದ್ದೆ ಅನ್ಕೊಂಡೆ."

"ಕಾಯ್ತಾನೇ ಇದ್ದೆ," ಎಂದ ವಾಲ್ದೆಮಾರ್. "ಈಗ ಸಿಕ್ಕಿದೆ. ಏನ್ ಮಾಡ್ಬೇಕೂಂತ ತಿಳೀತಿಲ್ಲ."

ತಾನೇ ಮೂಗಾಗಲು ಅವನು ಪ್ರಯತ್ನ ಮಾಡಿಯೂ ನೋಡಿದ. ಅಕ್ಕನ ಎದುರು ಕೂತು ಒಂದೊಂದೇ ಲೋಟ ಮೂಸಿದ. "ಒಣಗಿದ ಅಂಜೂರದ ಥರ ಬರುತ್ತಾ? ಇಲ್ಲಾ ಕಿತ್ತಳೆ ಸಿಪ್ಪೆನಾ?" ಎಂದು ಅವಳು ಕೇಳಿದರೆ, "ವೈನ್ ಥರ ಬರುತ್ತೆ ಕಣೆ," ಎಂದ. ಇಬ್ಬರಿಗೂ ನಗು ಬಂತು. ತಂದೆ ಸತ್ತ ಮೇಲೆ ಇಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು. ನಕ್ಕು ಮುಗಿದ ಮೇಲೆ ಅವನು ಲೋಟಗಳನ್ನು ತೊಳೆಯಲು ಎತ್ತಿಕೊಂಡು ಹೋದ.

ಕೊನೆಗೆ ಮೂಸುವ ಕೆಲಸಕ್ಕೆ ಪೋರ್ತು ಪಟ್ಟಣದಿಂದ ಮನೆತನದ ಹೊರಗಿನ ಹೆಂಗಸೊಬ್ಬಳನ್ನು ಕರೆಸಿದರು. ಅದೊಸಿಂದಾ ತಾನೇ ಕುರ್ಚಿ ಬಿಟ್ಟುಕೊಟ್ಟು, ಯಾವ ಮೂಲೆಯ ಪೀಪಾಯಿಗಳು ಬೇಸಿಗೆಯಲ್ಲಿ ಹಟ ಮಾಡುತ್ತವೆ ಎಂಬುದನ್ನೂ ತಿಳಿಸಿದಳು. ಆಮೇಲೆ ನೆಲಮಾಳಿಗೆಗೆ ಇಳಿಯುವುದನ್ನೇ ಬಿಟ್ಟಳು.

ಸುಗ್ಗಿ ಬಂತು. ಕಲ್ಲಿನ ತೊಟ್ಟಿಯಲ್ಲಿ ಜನ ಸಾಲುಗಟ್ಟಿ ಹಾಡುತ್ತ ದ್ರಾಕ್ಷಿ ತುಳಿಯುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ಅವಳಿಗೆ ಹಾಡು ಕೇಳುತ್ತಿತ್ತು, ರಸದ ಬಿಸಿ ಹಬೆ ಮುಖಕ್ಕೆ ತಾಗುತ್ತಿತ್ತು. ವಾಲ್ದೆಮಾರ್ ಬಂದು ಪಕ್ಕದಲ್ಲಿ ನಿಂತ.

"ಈ ಸಲ ವಾಸನೆ ಹೇಗಿದೆಯೋ?" ಎಂದು ಅವಳು ಕೇಳಿದಳು.

ಅವನು ಉಸಿರೆಳೆದುಕೊಂಡು ಬಹಳ ಹೊತ್ತು ಯೋಚಿಸಿದ. "ಹೋದ ವರ್ಷದ ಥರಾನೇ ಇದೆ ಅಕ್ಕ."

ಒಂದು ವರ್ಷದಂತೆ ಇನ್ನೊಂದು ವರ್ಷ ಎಂದೂ ಇದ್ದದ್ದಿಲ್ಲ. ಅದು ಅವಳಿಗೆ ಗೊತ್ತಿತ್ತು. "ಹೌದಾ, ಒಳ್ಳೇದಾಯ್ತು," ಎಂದು ಶಾಲು ಹೊದ್ದು ಮನೆಯ ಕಡೆ ನಡೆದಳು.