ಉಳಿದ ಏಳು ದಿನ

ಗಡ್ಡ ಬೋಳಿಸುವಾಗ ಕುತ್ತಿಗೆಯಲ್ಲೊಂದು ಗಂಟು ಕೈಗೆ ಸಿಕ್ಕಿತು. ಬಿತ್ತನೆ ಮುಗಿಯಲಿ, ಕಳೆ ಕೆಲಸ ಮುಗಿಯಲಿ ಎಂದು ವರ್ಲಿನ್ ಹೌಗನ್ ಮೂರು ತಿಂಗಳು ದೂಡಿದ. ನಮ್ಮ ನೆಬ್ರಾಸ್ಕಾದ ಗಂಡಸರ ಬುದ್ಧಿಯೇ ಇಷ್ಟು. ಟ್ರ್ಯಾಕ್ಟರ್ ಕೆಮ್ಮಿದರೆ ಅವತ್ತೇ ಬಿಚ್ಚಿ ನೋಡುತ್ತಾರೆ, ತಮ್ಮ ಗಂಟಲನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ.

ಕೊನೆಗೆ ತೋರಿಸಿದಾಗ ಡಾಕ್ಟರು ಗಂಟಲ ಕ್ಯಾನ್ಸರ್ ಎಂದರು. ಅವನು ದಂಗಾದ. ಸಿಗರೇಟು ಮುಟ್ಟಿದವನಲ್ಲ ಅವನು.

"ಎಚ್‌ಪಿವಿ ಅನ್ನೋ ವೈರಸ್‌ನಿಂದ ಬಂದಿದೆ. ಎಷ್ಟೋ ವರ್ಷದ ಹಿಂದೆ ಸೇರ್ಕೊಂಡಿರುತ್ತೆ, ಗೊತ್ತೇ ಆಗಲ್ಲ," ಎಂದಳು ಐಲೀನ್. ಅವಳು ಅವನ ಜೊತೆ ಒಂದೇ ಶಾಲೆಯಲ್ಲಿ ಓದಿದವಳು, ಈಗ ನಗರದ ಆಸ್ಪತ್ರೆಯಲ್ಲಿ ಸಂಶೋಧನೆಯ ನರ್ಸ್. ಈ ಬಗೆಯ ಕ್ಯಾನ್ಸರ್ ವಿಕಿರಣಕ್ಕೆ ಚೆನ್ನಾಗಿ ಬಗ್ಗುತ್ತದೆ. ಹಾಗಾದರೆ ಕಡಿಮೆ ಡೋಸ್ ಸಾಕಾದೀತೇ, ಗಂಟಲು ಸುಡುವುದು ತಪ್ಪೀತೇ ಎಂದು ಅಲ್ಲಿ ಸಂಶೋಧನೆ ನಡೆಯುತ್ತಿತ್ತು. ಅದಕ್ಕೆ ಸೇರಲು ವರ್ಲಿನ್ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ. ಯಾರಿಗೆ ಯಾವ ಡೋಸ್ ಎಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಇವನಿಗೆ ಬಂದದ್ದು ಪೂರ್ತಿ ಡೋಸ್, ಮೂವತ್ತೈದು ದಿನ.

ಇಪ್ಪತ್ತೆಂಟನೇ ದಿನದ ಹೊತ್ತಿಗೆ ಕಾಫಿ ಹಾಗಿರಲಿ, ಉಗುಳು ನುಂಗಿದರೂ ಗಾಜು ನುಂಗಿದ ಹಾಗಾಗುತ್ತಿತ್ತು. ಹೊಲದಲ್ಲಿ ಸೋಯಾ ಒಣಗಿ ಕಾಯಿ ಸಿಡಿಯತೊಡಗಿತ್ತು.

"ಇಷ್ಟೇ ಸಾಕು," ಎಂದ ಹೆಂಡತಿ ಮಾರ್ವಾಗೆ. "ಕಡಿಮೆ ಡೋಸಲ್ಲೇ ವಾಸಿಯಾಗುತ್ತೆ ಅಂತ ಅವರೇ ಅಂತಾರಲ್ಲ." ಹಾಗೆಂದವನೇ ಕಟಾವು ಯಂತ್ರ ಹತ್ತಿದ.

ಎರಡು ದಿನ ಅವನು ಆಸ್ಪತ್ರೆಗೆ ಹೋಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಐಲೀನ್ ಹೊಲಕ್ಕೇ ಬಂದು ಯಂತ್ರಕ್ಕೆ ಅಡ್ಡ ನಿಂತಳು. ಮಾರ್ವಾ ಅವಳ ಹಿಂದೆಯೇ ಓಡಿ ಬಂದಳು.

"ಇಳಿಯೋ ಕೆಳಗೆ," ಎಂದಳು ಐಲೀನ್.

"ಚೀಟೀಲಿ ನಂಗೆ ಜಾಸ್ತಿ ಬಂತು. ನಾನೇ ಕಡಿಮೆ ಮಾಡ್ಕೊಂಡೆ. ನಿಮ್ಗೂ ಕೆಲಸ ತಪ್ಪಿತು."

"ಕಡಿಮೆ ಸಾಕು ಅಂತ ನಿಂಗ್ಯಾರು ಹೇಳಿದ್ರು?"

"ನೀನೇ."

"ಸಾಕಾಗುತ್ತಾ ನೋಡ್ತಿದೀವಿ ಅಂದೆ. ಸಾಕು ಅಂತ ಅಂದೆನಾ? ಅದು ನಮಗೂ ಇನ್ನೂ ಗೊತ್ತಿಲ್ಲ ಕಣೋ."

ವರ್ಲಿನ್ ಸೀಟಿನಿಂದ ಅರ್ಧ ಎದ್ದ. "ಗೊತ್ತಿಲ್ವಾ? ಗೊತ್ತಿಲ್ದೇ ಜನರಿಗೆ ಕೊಡ್ತಿದೀರಾ?"

"ಗೊತ್ತಿಲ್ಲ ಅಂತ ಮೊದಲೇ ಹೇಳಿ, ಒಪ್ಪಿದವರಿಗೆ ಮಾತ್ರ ಕೊಡ್ತೀವಿ. ಅವರ ಡೋಸನ್ನ ಶುರುವಿಗೆ ಮುಂಚೆನೇ ಡಾಕ್ಟರು ಗೊತ್ತು ಮಾಡಿರ್ತಾರೆ, ಕೊನೇವರೆಗೂ ಕಣ್ಣಿಟ್ಟಿರ್ತಾರೆ. ನಡುವೆ ಎದ್ದು ಬರೋದು ಕಡಿಮೆ ಡೋಸ್ ಅಲ್ಲ, ಅರ್ಧಕ್ಕೆ ಬಿಟ್ಟ ಚಿಕಿತ್ಸೆ. ಕಳೆಗೆ ಮದ್ದು ಅರ್ಧ ಹೊಡೆದು ಕೈ ತೊಳ್ಕೊಂಡ್ಯಲ್ಲ ಒಂದು ವರ್ಷ, ಏನಾಯ್ತು?"

"ಆಳೆತ್ತರ ಬಂತು."

"ಇದೂ ಹಾಗೇ. ಬಿಟ್ಟಷ್ಟು ದಿನ ಉಳಿದಿರೋದು ಬೆಳೀತಾ ಹೋಗುತ್ತೆ."

"ಯಾವಾಗ ಬೇಕಾದ್ರೂ ಬಿಡಬಹುದು ಅಂತ ಆ ಕಾಗದದಲ್ಲೇ ಇತ್ತು."

"ಸಂಶೋಧನೆ ಬಿಡು, ಯಾರೂ ಯಾಕೆ ಅನ್ನಲ್ಲ. ಚಿಕಿತ್ಸೆ ಬಿಡಬೇಡ. ಎರಡೂ ಬೇರೆ ಬೇರೆ."

"ಹಂಗಾದ್ರೆ ಸೋಯಾ ನೀನು ಕೊಯ್ತೀಯಾ?"

ಮಾರ್ವಾ ಬಾಯಿ ಹಾಕಿದಳು. "ಅಕ್ಕಪಕ್ಕದ ಆರು ಮನೆಯವರು ಯಂತ್ರ ತರ್ತೀವಿ ಅಂದ್ರು. ಈ ಮಹಾರಾಯನೇ ಬೇಡ ಅಂದಿದ್ದು."

"ಊರೆಲ್ಲ ಸೇರಿ ಕೊಯ್ಯೋದು ಸಾಯೋರ ಹೊಲಾನ. ನಾನಿನ್ನೂ ಇದೀನಿ."

"ಈಗ ನನ್ನ ಜೊತೆ ಬರ್ದೇ ಹೋದ್ರೆ ಮುಂದಿನ ವರ್ಷ ಅವರು ಬಂದೇ ಬರ್ತಾರೆ," ಎಂದಳು ಐಲೀನ್. "ಬೇಡ ಅನ್ನೋಕೆ ನೀನಿರಲ್ಲ."

ವರ್ಲಿನ್ ಹೆಂಡತಿಯ ಮುಖ ನೋಡಿದ. ಹಾಗೇನಿಲ್ಲ ಎಂದಾಳು ಎಂದುಕೊಂಡಿದ್ದ. ಅವಳು ಹೋಗಿ ಐಲೀನ್ ಪಕ್ಕದಲ್ಲಿ ಯಂತ್ರಕ್ಕೆ ಅಡ್ಡ ನಿಂತಳು. ಯಂತ್ರ ಆರಿಸಿ ಇಳಿದ.

"ಬಿಟ್ಟ ಎರಡು ದಿನ?"

"ಹೇಗೆ ಸರಿದೂಗಿಸೋದು ಅಂತ ಡಾಕ್ಟರು ಹೇಳ್ತಾರೆ. ಬೇಗ ನಡಿ."

"ನೋವಿಗೆ ಏನಾದ್ರೂ ಕೊಡ್ತೀರಾ?"

"ಕೇಳಿದ್ರೆ ತಾನೇ ಕೊಡೋದು? ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆ."

ಉಳಿದ ಏಳು ದಿನವನ್ನೂ ವರ್ಲಿನ್ ಮುಗಿಸಿದ. ಸೋಯಾವನ್ನು ಆರು ಯಂತ್ರಗಳು ಒಂದೇ ದಿನದಲ್ಲಿ ಕೊಯ್ದು ಹಾಕಿದವು.

ಇದನ್ನು ಓದುತ್ತಿರುವವರೇ, ಕುತ್ತಿಗೆಯ ಗಂಟು ಎರಡು ಮೂರು ವಾರದಲ್ಲಿ ಕರಗದಿದ್ದರೆ ಡಾಕ್ಟರಿಗೆ ತೋರಿಸಿ. ಸಂಶೋಧನೆಗೆ ಕರೆದರೆ ಹೆದರಬೇಡಿ. ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಎದುರಿಗೇ ಕೇಳಿ, ಮನಸ್ಸು ಒಪ್ಪಿದರೆ ಸಹಿ ಹಾಕಿ. ನೋವಾದರೆ ಬಾಯಿಬಿಟ್ಟು ಹೇಳಿ. ನಿಮ್ಮ ಡೋಸನ್ನು ಮಾತ್ರ ನೀವೇ ಕಡಿಮೆ ಮಾಡಿಕೊಳ್ಳಬೇಡಿ. ನಿಮ್ಮ ಬೆಳೆ ಕೊಯ್ಯಲು ಊರಿದೆ. ಆ ವಿಕಿರಣದ ಮೇಜಿನ ಮೇಲೆ ನಿಮ್ಮ ಬದಲು ಮಲಗಲು ಯಾರೂ ಇಲ್ಲ.